ಕೊನೆ ಗೊತ್ತಿರುವ ಹಾಡಿಗೆ ಆಯ್ಕೆ ಎಲ್ಲಿಂದ ತರುವುದು?

ಓದುಗರ ಪ್ರಶ್ನೆ: ಹಾಡೊಂದರಿಂದ ಪ್ರೇರಣೆ ಪಡೆದು ಇಂಟರಾಕ್ಟಿವ್ ಫಿಕ್ಷನ್ (ಓದುಗರ ಆಯ್ಕೆಯಂತೆ ಸಾಗುವ ಕಥೆ) ಬರೆಯುವ, ಗಡುವಿನೊಳಗೆ ಆಟ ಕಟ್ಟುವ ಗೇಮ್ ಜ್ಯಾಮ್‌ಗೆ ಹೆಸರು ಕೊಟ್ಟಿದ್ದೇನೆ. ಹತ್ತು ದಿನದ ಗಡುವು. ‘ಕೆರೆಗೆ ಹಾರ’ ಕಥನಗೀತೆಯನ್ನು ಆರಿಸಿಕೊಂಡಿದ್ದೇನೆ, ಕನ್ನಡದಲ್ಲೇ ಬರೆಯಬೇಕೆಂದಿದೆ. ಕೋಡಿಂಗ್ ಅಷ್ಟಾಗಿ ಬರುವುದಿಲ್ಲ. ಯಾವ ಟೂಲ್ ಹಿಡಿಯಲಿ? ಕೊನೆ ಎಲ್ಲರಿಗೂ ಗೊತ್ತಿರುವಾಗ ಆಟಗಾರರಿಗೆ ಆಯ್ಕೆ ಎಲ್ಲಿಂದ ಕೊಡಲಿ? ಹಾಡಿನ ರೆಕಾರ್ಡಿಂಗ್ ಸೇರಿಸಬಹುದೇ?

ಉತ್ತರ:

ಎರಡನೇ ಪ್ರಶ್ನೆಯನ್ನು ಮೊದಲು ಬಿಡಿಸೋಣ. ಅದು ಬಗೆಹರಿದರೆ ಟೂಲ್ ಯಾವುದು ಅನ್ನುವುದು ತಾನಾಗಿ ತಿಳಿಯುತ್ತದೆ.

ಹಾಡನ್ನು ಆಟ ಮಾಡಲು ಹೊರಟವರು ಸಾಮಾನ್ಯವಾಗಿ ಅದರ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಬೇಕಾದದ್ದು ಹಾಡಿನ ಕಟ್ಟಡ: ಯಾವ ಸಾಲು ಮರಳಿ ಬರುತ್ತದೆ, ಮರಳಿ ಬಂದಾಗ ಅದರ ಅರ್ಥ ಎಷ್ಟು ಜರುಗಿರುತ್ತದೆ, ಹಾಡು ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಬಗೆಯ ಜ್ಯಾಮ್‌ಗಳಲ್ಲಿ ಹೆಸರಾದದ್ದು ಸ್ಯಾಮ್ ಕಾಬೋ ಆಶ್‌ವೆಲ್ 2014ರಲ್ಲಿ ನಡೆಸಿದ ಶಫಲ್‌ಕಾಂಪ್. ಅಲ್ಲಿ ಪ್ರತಿಯೊಬ್ಬರೂ ಹಾಡುಗಳ ಪಟ್ಟಿ ಕೊಡಬೇಕಿತ್ತು, ಪಟ್ಟಿಗಳನ್ನು ಕಲಸಿ ಹಂಚಲಾಗುತ್ತಿತ್ತು, ಬೇರೆಯವರು ಕೊಟ್ಟ ಹಾಡಿನಿಂದ ಕಥೆ ಹುಟ್ಟಬೇಕಿತ್ತು. ಹಾಡಿನ ಕಥೆಯನ್ನೇ ಮತ್ತೆ ಹೇಳಿ ಎಂಬ ಕಟ್ಟಳೆ ಇಂಥ ಜ್ಯಾಮ್‌ಗಳಲ್ಲಿ ಇರುವುದಿಲ್ಲ. ಪ್ರೇರಣೆ ಎಂಬ ಮಾತಿಗೆ ಅವರು ಕೊಡುವ ಸಡಿಲವನ್ನು ಪೂರ್ತಿ ಬಳಸಿಕೊಳ್ಳಿ.

ನಿಮ್ಮ ಹಾಡಿನ ಕಟ್ಟಡ ನೋಡಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರಿಲ್ಲ. ಶಕುನ ನೋಡಲು ಹೊತ್ತಿಗೆ ತೆಗೆಸಿದರೆ ಹಿರಿಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕೆಂದು ಬರುತ್ತದೆ. ಹಿರಿಸೊಸೆ ಹೋದರೆ ಹಿರಿತನಕ್ಕೆ ಯಾರು ಎಂದು ಕಿರಿಸೊಸೆ ಭಾಗೀರತಿಯ ಪಾಲಿಗೆ ಅದು ಬೀಳುತ್ತದೆ. ಅವಳು ತವರಿಗೆ ಹೋದಾಗ, ಎಂದೂ ಬಾರದವಳು ಇಂದೇಕೆ ಬಂದೆ, ಕಣ್ಣೀರೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಗೆಳತಿಯ ಮನೆಯಲ್ಲಿ ಅದೇ ಪ್ರಶ್ನೆ ಬಂದಾಗ ನಿಜ ಹೇಳುತ್ತಾಳೆ. ಆಮೇಲೆ ಕೆರೆಯ ಪೂಜೆ, ಮರೆತು ಬಂದ ಬಂಗಾರದ ಬಟ್ಟಲು, ಅದನ್ನು ತರಲು ಹಿಂದಿರುಗುವ ಭಾಗೀರತಿ, ಅವಳು ಒಂದೊಂದು ಮೆಟ್ಟಲು ಏರಿದಂತೆ ಬೆನ್ನಿಗೇ ಏರಿ ಬರುವ ನೀರು.

ಇಲ್ಲಿ ನಿಮಗೆ ಸಿಗುವುದು ಮೂರು: ಮರಳಿ ಮರಳಿ ಬರುವ ಒಂದು ಪ್ರಶ್ನೆ, ಹಂತಹಂತವಾಗಿ ಏರುವ ಒಂದು ಸಾಲು, ಮತ್ತು ಒಂದು ಮೌನ. ಅಪ್ಪನಿಗೆ ಯಾಕೆ ಹೇಳಲಿಲ್ಲ? ಹಾಡು ಹೇಳುವುದಿಲ್ಲ. ಆಟಗಾರರಿಗೆ ಜಾಗ ಇರುವುದು ಅಲ್ಲಿ.

ಆದ್ದರಿಂದ ‘ಭಾಗೀರತಿ ಓಡಿಹೋಗುವಳೇ, ಇಲ್ಲವೇ’ ಎಂಬ ಆಯ್ಕೆಯನ್ನು ಇಡಬೇಡಿ. ಪಾರಾಗುವ ಕೊನೆ ಒಂದಿದೆ ಎಂದು ಗೊತ್ತಾದ ಕೂಡಲೇ ಆಟಗಾರರು ಅದನ್ನು ಹುಡುಕಲು ಕೂರುತ್ತಾರೆ. ಪ್ರತಿ ಮಾತೂ ಬೀಗದ ಕೈಯೋ ಅಲ್ಲವೋ ಎಂಬ ಲೆಕ್ಕದಲ್ಲಿ ಓದಿಸಿಕೊಳ್ಳುತ್ತದೆ, ಹಾಡಿನ ಭಾರ ಇಳಿದುಹೋಗುತ್ತದೆ. ಯಾರಿಗೆ ಏನು ಹೇಳುತ್ತಾಳೆ, ಹೇಳಲು ಹೋಗಿ ಎಲ್ಲಿ ತಡೆಯುತ್ತಾಳೆ, ಯಾವ ಕೆಲಸವನ್ನು ಕೈಗೆತ್ತಿಕೊಂಡು ಹೊತ್ತು ಕಳೆಯುತ್ತಾಳೆ, ಯಾರ ಕಣ್ಣು ತಪ್ಪಿಸುತ್ತಾಳೆ, ಇವು ಆಯ್ಕೆಗಳಾಗಲಿ.

ಇದರಲ್ಲೂ ಒಂದು ಅಪಾಯವಿದೆ. ಕೊನೆ ಬದಲಾಗದಿದ್ದರೆ ‘ನಾನು ಒತ್ತಿದ್ದಕ್ಕೆ ಬೆಲೆಯೇ ಇಲ್ಲ’ ಅನಿಸಬಹುದು. ಪರಿಹಾರ ಮಾರ್ದನಿ. ತವರಿನಲ್ಲಿ ಆಟಗಾರರು ಆರಿಸಿದ ಮಾತು ಮೂರು ದೃಶ್ಯ ದಾಟಿ, ಕೆರೆಯ ಮೆಟ್ಟಲ ಮೇಲೆ, ಅವರದೇ ಶಬ್ದಗಳಲ್ಲಿ ಮರಳಿ ಕೇಳಿಸಬೇಕು. ಅಪ್ಪನೆದುರು ಅರ್ಧ ನಿಜ ಹೇಳಿದ್ದರೆ ನೀರು ಮೊಣಕಾಲಿಗೆ ಬಂದಾಗ ಆ ಅರ್ಧ ವಾಕ್ಯ ಪೂರ್ತಿಯಾಗಲಿ. ಒಂದು ಆಟಕ್ಕೆ ಇಂಥವು ನಾಲ್ಕಿದ್ದರೆ ಸಾಕು. ಎಲ್ಲ ಆಯ್ಕೆಗೂ ಮಾರ್ದನಿ ಇಟ್ಟರೆ ಯಾವುದೂ ಕೇಳಿಸುವುದಿಲ್ಲ.

ಗಾತ್ರದ ಲೆಕ್ಕ. ಪ್ರತಿ ಸಲ ಎರಡು ಆಯ್ಕೆ ಕೊಟ್ಟು, ಕವಲುಗಳನ್ನು ಎಲ್ಲೂ ಕೂಡಿಸದೆ ಆರು ಸಲ ಒಡೆದರೆ ನೀವು 127 ತುಣುಕು ಬರೆಯಬೇಕು. ಒಂದು ಓದಿನಲ್ಲಿ ಕಾಣುವುದು ಏಳು. ಹತ್ತು ದಿನದಲ್ಲಿ ಇದು ಆಗದ ಮಾತು. ಕವಲೊಡೆದು ಮುಂದಿನ ದೃಶ್ಯದಲ್ಲಿ ಮತ್ತೆ ಕೂಡುವ ಹಾಗೆ ಕಟ್ಟಿ: ಹನ್ನೆರಡು ದೃಶ್ಯ, ಒಟ್ಟು 2,500ರಿಂದ 3,000 ಪದ, ಒಂದು ಸುತ್ತಿಗೆ 1,200ರಿಂದ 1,500 ಪದ. ಜ್ಯಾಮ್‌ನಲ್ಲಿ ಹತ್ತಾರು ಆಟ ಆಡಬೇಕಾದವರಿಗೆ ಹತ್ತು ಹದಿನೈದು ನಿಮಿಷದ ಕೃತಿ ಹಿತ. ಗಂಡ ಮಾದೇವರಾಯನ ಭಾಗವನ್ನು, ಅಂದರೆ ದಂಡಿನಲ್ಲಿ ಅವನಿಗೆ ಬೀಳುವ ಕನಸು, ಕುದುರೆಯೇರಿ ಬರುವುದು ಎಲ್ಲವನ್ನೂ, ನಾನಾದರೆ ಕೈಬಿಡುತ್ತೇನೆ. ಅಲ್ಲಿಯವರೆಗೂ ಭಾಗೀರತಿಯ ಮೈಯೊಳಗಿದ್ದ ಓದುಗರನ್ನು ಕೊನೆಯಲ್ಲಿ ಬೇರೊಬ್ಬರ ಮೈಗೆ ದಾಟಿಸುವುದು ಕಷ್ಟ. ಬೇಕೇ ಬೇಕು ಎಂದಾದರೆ ಆಯ್ಕೆಯಿಲ್ಲದ ಒಂದೇ ಪುಟವಾಗಿರಲಿ.

ಈಗ ಟೂಲ್. ಇನ್‌ಫಾರ್ಮ್ 7 ಬೇಡ. ಅದರಲ್ಲಿ ಆಟಗಾರರು ಆಜ್ಞೆಗಳನ್ನು ಟೈಪ್ ಮಾಡುತ್ತಾರೆ. ‘ಬಟ್ಟಲನ್ನು ತೆಗೆದುಕೊ’, ‘ಬಟ್ಟಲಿಗೆ ನೀರು ಹಾಕು’ ಎಂಬಲ್ಲಿನ ವಿಭಕ್ತಿಗಳನ್ನು ಅರ್ಥ ಮಾಡಿಸುವ ಕೆಲಸವೇ ಒಂದು ದೊಡ್ಡ ಯೋಜನೆ. ಉಳಿದದ್ದು ಟ್ವೈನ್ ಮತ್ತು ಇಂಕ್, ಎರಡೂ ಉಚಿತ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದ ಟ್ವೈನ್‌ನಲ್ಲಿ ದೃಶ್ಯಗಳು ನಕ್ಷೆಯ ಹಾಗೆ ಕಣ್ಣೆದುರು ಹರಡಿಕೊಳ್ಳುತ್ತವೆ. ಲಿಂಕ್ ಬರೆಯುವುದು ಇಷ್ಟು ಸುಲಭ:

[[ಗೆಳತಿಯ ಮನೆಗೆ ಹೋಗು->ಗೆಳತಿ]]

ಚಿತ್ರ, ಬಣ್ಣ, ಪುಟದ ಅಂದವೇ ಮುಖ್ಯವಾದವರಿಗೆ ಟ್ವೈನ್ ಸರಿ. ನಿಮ್ಮ ಹಾಡಿನ ಜೀವ ಇರುವುದು ಮರುಕಳಿಕೆಯಲ್ಲಿ. ಇಂಕಲ್ ಸಂಸ್ಥೆಯ ಇಂಕ್ ಭಾಷೆಗೆ ಮರುಕಳಿಕೆ ಹುಟ್ಟುಗುಣ, ಅದರ ವ್ಯಾಕರಣದ ಬಹುಪಾಲು ಬರೀ ಚಿಹ್ನೆಗಳು, ಕೋಡಿಂಗ್ ಬಾರದವರಿಗೂ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಇಂಕಿ ಎಂಬ ಎಡಿಟರ್ ಇಳಿಸಿಕೊಳ್ಳಿ. ಎಡಗಡೆ ಬರೆದದ್ದನ್ನು ಬಲಗಡೆ ಆಗಿಂದಾಗಲೇ ಆಡಿ ನೋಡಬಹುದು.

ಮೆಟ್ಟಲಿನ ದೃಶ್ಯವನ್ನೇ ತೆಗೆದುಕೊಳ್ಳಿ. ಅದರ ತಿರುಳು ಎರಡು ಸಾಲು:

+ [ಇನ್ನೊಂದು ಮೆಟ್ಟಲು ಏರು]
{ನೀರು ಪಾದಕ್ಕೆ ಬಂತು.|ನೀರು ಮೊಣಕಾಲಿಗೆ ಬಂತು.|ನೀರು ನಡುವಿಗೆ ಬಂತು.|ನೀರು ಎದೆಗೆ ಬಂತು.}

ಪುಷ್ಪಾವರಣದೊಳಗಿನ ಮಾತುಗಳು ಸರದಿಯ ಮೇಲೆ ಬರುತ್ತವೆ: ಮೊದಲ ಸಲ ಮೊದಲನೆಯದು, ಎರಡನೇ ಸಲ ಎರಡನೆಯದು. ಕೊನೆಯದು ಮುಗಿದ ಮೇಲೆ ಅದೇ ನಿಂತುಬಿಡುತ್ತದೆ. ಇದರ ಕೆಳಗೆ ಬಾಣದ ಗುರುತು -> ಹಾಕಿ ಅದೇ ದೃಶ್ಯದ ಹೆಸರು ಬರೆದರೆ ಕಥೆ ತಿರುಗಿ ಆಯ್ಕೆಗೆ ಬರುತ್ತದೆ. ಸುತ್ತಿನಿಂದ ಹೊರಬರಲು ಐದನೆಯ ಜಾಗದಲ್ಲಿ ಮಾತಿನ ಬದಲು ಬಾಣ ಮತ್ತು ಕೊನೆಯ ದೃಶ್ಯದ ಹೆಸರು ಇಡಿ. ‘ನೀರು’ ಎಂಬ ಪದವನ್ನು ನಾಲ್ಕು ಕಡೆಯೂ ಬರೆದಿರುವುದಕ್ಕೆ ಕಾರಣವಿದೆ. ಅದನ್ನು ಆವರಣದ ಹೊರಗೆ ಒಮ್ಮೆ ಬರೆದಿದ್ದರೆ ಐದನೇ ಸಲ ‘ನೀರು’ ಎಂದಷ್ಟೇ ಮೂಡಿ ಮುಂದಿನ ದೃಶ್ಯದ ಮೊದಲ ಪದಕ್ಕೆ ಅಂಟಿಕೊಳ್ಳುತ್ತಿತ್ತು.

ಆಯ್ಕೆಯ ಮುಂದಿರುವ + ಗುರುತನ್ನು ಗಮನಿಸಿ. ಇಂಕ್‌ನಲ್ಲಿ * ಹಾಕಿದ ಆಯ್ಕೆ ಒಮ್ಮೆ ಒತ್ತಿದರೆ ಮಾಯ, + ಹಾಕಿದ್ದು ಉಳಿಯುತ್ತದೆ. ಇಲ್ಲಿ * ಹಾಕಿದರೆ ಮೊದಲ ಮೆಟ್ಟಲಿನ ನಂತರ ಒತ್ತಲು ಏನೂ ಉಳಿಯದೆ ಕಥೆ ಅಲ್ಲೇ ನಿಲ್ಲುತ್ತದೆ. ಹೊಸಬರ ಆಟಗಳು ನಡುವೆ ಕೈಕೊಡುವುದು ಹೆಚ್ಚಾಗಿ ಇದರಿಂದಲೇ. * ಆಯ್ಕೆಗಳು ಮಾತ್ರ ಇರುವ ದೃಶ್ಯಕ್ಕೆ ಆಟಗಾರರು ಎರಡನೇ ಸಲ ಬರುವ ಸಾಧ್ಯತೆ ಇದ್ದರೆ, ಕೊನೆಗೆ ಬರಿದೇ * -> ಎಂದು ಬರೆದು ಮುಂದಿನ ದೃಶ್ಯದ ಹೆಸರು ಕೊಡಿ. ಉಳಿದೆಲ್ಲ ಖಾಲಿಯಾದಾಗ ಕಥೆ ತಾನಾಗಿ ಆ ದಾರಿ ಹಿಡಿಯುತ್ತದೆ.

‘ಎಂದೂ ಬಾರದವಳು ಇಂದೇಕೆ ಬಂದೆ’ ಎಂಬ ಪ್ರಶ್ನೆ ನಿಮ್ಮ ಆಟದ ಪಲ್ಲವಿ. ಅದನ್ನು ಸರದಿಯಾಗಿ ಬರೆದು ತವರಿನ ಮತ್ತು ಗೆಳತಿಯ ಮನೆಯ ದೃಶ್ಯಗಳಿಗೆ ಕಾಪಿ ಮಾಡಿ ಅಂಟಿಸಿದರೆ ಪ್ರತಿ ಕಾಪಿಯೂ ತನ್ನ ಎಣಿಕೆಯನ್ನು ಒಂದರಿಂದ ಶುರು ಮಾಡುತ್ತದೆ, ಎರಡು ಮನೆಯಲ್ಲೂ ಮೊದಲ ರೂಪವೇ ಕಾಣುತ್ತದೆ. ಪಲ್ಲವಿಗೆ ಒಂದೇ ಪ್ರತ್ಯೇಕ ದೃಶ್ಯ ಮಾಡಿ, ಬೇಕಾದಲ್ಲಿಂದ ಟನಲ್ ಮೂಲಕ ಕರೆಯಿರಿ. ಎಂದರೆ ಹೆಸರಿನ ಹಿಂದೆಯೂ ಮುಂದೆಯೂ -> ಹಾಕಬೇಕು, ಪಲ್ಲವಿಯ ದೃಶ್ಯದ ಕೊನೆಗೆ ->-> ಎಂದು ಬರೆಯಬೇಕು. ಕಥೆ ಅಲ್ಲಿಗೆ ಹೋಗಿ, ಹೇಳಿ, ಹೊರಟ ಜಾಗಕ್ಕೆ ಮರಳುತ್ತದೆ. ಎಣಿಕೆ ಒಂದೇ ಕಡೆ ನಡೆಯುವುದರಿಂದ ಪಲ್ಲವಿ ಎರಡು ಸಲವೂ ಬೇರೆಯಾಗಿ ಕೇಳುತ್ತದೆ. ಮಾರ್ದನಿಗೂ ಹೆಚ್ಚಿನ ಕೋಡ್ ಬೇಡ. ಒಂದು ದೃಶ್ಯಕ್ಕೆ ಎಷ್ಟು ಸಲ ಹೋದರೆಂಬುದನ್ನು ಇಂಕ್ ತಾನೇ ಎಣಿಸಿಡುತ್ತದೆ. ಪುಷ್ಪಾವರಣದೊಳಗೆ ಆ ದೃಶ್ಯದ ಹೆಸರು, ಒಂದು ಕೋಲನ್ (:), ಆಮೇಲೆ ಮಾತು ಬರೆದರೆ, ಅಲ್ಲಿಗೆ ಹೋಗಿದ್ದವರಿಗಷ್ಟೇ ಆ ಮಾತು ಕಾಣುತ್ತದೆ.

ಕನ್ನಡದಲ್ಲಿ ಬರೆಯುವವರು ಎಡವುವ ಜಾಗಗಳು ಬೇರೆಯೇ ಇವೆ. ದೃಶ್ಯಗಳ ಹೆಸರನ್ನೂ ವೇರಿಯಬಲ್ (ಬದಲಾಗುವ ಲೆಕ್ಕ ಇಟ್ಟುಕೊಳ್ಳುವ ಗುರುತು) ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ, ಕನ್ನಡ ಲಿಪಿಯಲ್ಲಿಟ್ಟರೆ ಇಂಕ್ ತಪ್ಪು ತೋರಿಸುತ್ತದೆ. ಸಂಭಾಷಣೆಯನ್ನು ಅಡ್ಡಗೆರೆಯಿಂದ ಶುರು ಮಾಡುವ ಅಭ್ಯಾಸವಿದ್ದರೆ ಬಿಡಿ. ಸಾಲಿನ ಮೊದಲಿಗೆ ಬಂದ - ಗುರುತನ್ನು ಇಂಕ್ ಕವಲುಗಳು ಕೂಡುವ ಜಾಗವೆಂದು ಓದಿಕೊಂಡು ಕಥೆಯ ದಾರಿಯನ್ನೇ ತಿರುಗಿಸುತ್ತದೆ. ಪದ್ಯದ ಸಾಲಿನ ಕೊನೆಗೆ ಹಾಕುವ ಉದ್ದಗೀಟು | ಪುಷ್ಪಾವರಣದೊಳಗೆ ಬಂದರೆ ಸರದಿಯನ್ನು ತುಂಡರಿಸುತ್ತದೆ. ಅಲ್ಲಿ ಅದನ್ನು ಬಿಟ್ಟುಬಿಡಿ.

ಆಯ್ಕೆಯಲ್ಲಿ ಚೌಕಾವರಣದ ಬಳಕೆ ಕನ್ನಡಕ್ಕೆ ಬಲು ಒಗ್ಗುತ್ತದೆ. ಆವರಣದ ಒಳಗಿನದು ಆಯ್ಕೆಯಲ್ಲಿ ಮಾತ್ರ, ಹೊರಗೆ ಆಮೇಲೆ ಬರುವುದು ಒತ್ತಿದ ಮೇಲೆ ಮಾತ್ರ, ಮೊದಲಿನ ಭಾಗ ಎರಡರಲ್ಲೂ ಕಾಣುತ್ತದೆ:

* ಅಪ್ಪನಿಗೆ ನಿಜ [ಹೇಳು]ಹೇಳಲು ಬಾಯಿ ತೆರೆದೆ. ಬೇರೆಯದೇ ಮಾತು ಬಂತು.

ಆಟಗಾರರು ಒತ್ತುವುದು ‘ಅಪ್ಪನಿಗೆ ನಿಜ ಹೇಳು’ ಎಂಬುದನ್ನು. ಒತ್ತಿದ ಮೇಲೆ ಓದುವುದು ‘ಅಪ್ಪನಿಗೆ ನಿಜ ಹೇಳಲು ಬಾಯಿ ತೆರೆದೆ. ಬೇರೆಯದೇ ಮಾತು ಬಂತು.’ ಆಟಗಾರರ ಇಚ್ಛೆಯನ್ನು ವಾಕ್ಯದ ನಡುವೆಯೇ ಹಾಡು ಕಸಿದುಕೊಳ್ಳುತ್ತದೆ. ಈ ಉಪಾಯವನ್ನು ಇಡೀ ಆಟದಲ್ಲಿ ಒಂದು ಕಡೆ, ಹೆಚ್ಚೆಂದರೆ ಎರಡು ಕಡೆ ಇಡಿ. ಆವರಣದ ಗಡಿ ಯಾವಾಗಲೂ ಇಡೀ ಪದಕ್ಕೇ ಬೀಳಲಿ. ಒಂದು ಅಕ್ಷರ ಉಳಿಸಲೆಂದು ಕಾಗುಣಿತದ ನಡುವೆ ಆವರಣ ಹಾಕಿದರೆ ಸ್ವರಚಿಹ್ನೆ ಒಂಟಿಯಾಗಿ ಚುಕ್ಕೆವೃತ್ತದ ಮೇಲೆ ಕೂತು ಕಾಣುತ್ತದೆ.

‘ತೆರೆದೆ’ ಎಂಬ ಕ್ರಿಯಾಪದವನ್ನು ಇನ್ನೊಮ್ಮೆ ನೋಡಿ. ನಾನು ತೆರೆದೆ, ನೀನು ತೆರೆದೆ: ಭೂತಕಾಲದ ಏಕವಚನದಲ್ಲಿ ಕನ್ನಡ ಎರಡಕ್ಕೂ ಒಂದೇ ರೂಪ ಕೊಡುತ್ತದೆ. ಸರ್ವನಾಮ ಬಿಟ್ಟು ಬರೆದರೆ ಭಾಗೀರತಿ ತನ್ನ ಕಥೆ ಹೇಳುತ್ತಿದ್ದಾಳೋ, ಆಟ ನಿಮ್ಮನ್ನೇ ಮಾತಾಡಿಸುತ್ತಿದೆಯೋ ತಿಳಿಯದ ಹಾಗೆ ಇಡೀ ಕೃತಿಯನ್ನು ನಡೆಸಬಹುದು. ಇಂಗ್ಲಿಷ್ ಆಟಗಳ ‘ಯೂ’ ನೋಡಿ ಪ್ರತಿ ಸಾಲಿಗೂ ‘ನೀವು’ ತುರುಕಿದರೆ ಈ ಸೊಗಸು ಹಾಳು. ಸಂಭಾಷಣೆ ಉತ್ತರ ಕರ್ನಾಟಕದ ನುಡಿಯಲ್ಲಿದ್ದರೆ ಚೆಂದ, ಆದರೆ ಆ ಕಡೆಯವರೊಬ್ಬರಿಂದ ಓದಿಸದೆ ಹಾಕಬೇಡಿ. ‘ಅತ್ತಿ’, ‘ಬ್ಯಾರಿ’ ಎಂದು ನಾಲ್ಕು ಪದ ಬದಲಿಸಿದ ಮಾತ್ರಕ್ಕೆ ಆ ನುಡಿ ಆಗುವುದಿಲ್ಲ, ವಾಕ್ಯದ ಓಟವೇ ಬೇರೆ.

ಟೈಪಿಂಗ್ ಯುನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದಿಟ್ಟ ಪಠ್ಯ ಬ್ರೌಸರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ, ಮೊದಲು ಪರಿವರ್ತಿಸಿಕೊಳ್ಳಿ. ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಎಫೆಕ್ಟ್ ಬೇಡವೇ ಬೇಡ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಕಂಪ್ಯೂಟರಿಗೆ ಆರು ತುಣುಕು. ಅದು ಸ, ಸ್, ಸ್ತ, ಸ್ತ್ ಎಂದು ಕುಪ್ಪಳಿಸುತ್ತಾ ಮೂಡುತ್ತದೆ. ಬೇಕಿದ್ದರೆ ಪದ ಪದವಾಗಿ ಮೂಡಿಸಿ. ಟ್ವೈನ್ ಹಿಡಿದವರಿಗೆ ಇನ್ನೊಂದು ಎಚ್ಚರ: ‘ಗೇಟ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೀಬೋರ್ಡ್ ಕೆಲವೊಮ್ಮೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯನ್ನು ಸೇರಿಸಿರುತ್ತದೆ. ಲಿಂಕಿನಲ್ಲಿ ಬರೆದ ಹೆಸರೂ ದೃಶ್ಯದ ಹೆಸರೂ ನೋಡಲು ಒಂದೇ, ಟ್ವೈನ್‌ಗೆ ಬೇರೆ ಬೇರೆ. ನಕ್ಷೆಯಲ್ಲಿ ಅದೇ ಹೆಸರಿನ ಖಾಲಿ ಪ್ಯಾಸೇಜ್ (ದೃಶ್ಯದ ಚೌಕ) ಇನ್ನೊಂದು ಹುಟ್ಟಿಕೊಂಡರೆ ಕಾರಣ ಇದೇ. ಹೆಸರುಗಳನ್ನು ‘ಮನೆ’, ‘ಕೆರೆ’ ಎಂದು ಸ್ವರದಲ್ಲಿ ಮುಗಿಸಿದರೆ ತಂಟೆ ಇಲ್ಲ.

ಇಂಕಿಯಿಂದ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿದಾಗ ಒಂದು ಫೋಲ್ಡರ್ ಸಿಗುತ್ತದೆ. ಅದರಲ್ಲಿನ ಸ್ಟೈಲ್ ಫೈಲ್ ತೆರೆದು ನೋಟೋ ಸೆರಿಫ್ ಕನ್ನಡ ಫಾಂಟನ್ನು ಹೆಸರಿಸಿ. ಅದರ ಲೈಸೆನ್ಸ್ ಮುಕ್ತವಾಗಿರುವುದರಿಂದ ಫಾಂಟ್ ಫೈಲನ್ನೇ ಫೋಲ್ಡರ್‌ಗೆ ಸೇರಿಸಬಹುದು. ಸಾಲುಗಳ ಅಂತರ 1.7 ಇರಲಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಸಾಲಿನ ತಲೆಗೆ ತಾಗುತ್ತವೆ.

ರೆಕಾರ್ಡಿಂಗ್ ವಿಷಯ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿನ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕು. ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃವಿನ ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದಾಗಿನಿಂದ 60 ವರ್ಷ. ಉದಾಹರಣೆಗೆ, ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳನ್ನು ಯಾರೂ ಬಳಸಬಹುದು. ಆದರೆ ಅವಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟುಗಳು ಹಾಗಲ್ಲ. ಅಶ್ವತ್ಥ್ ನಿಧನರಾದದ್ದು 2009ರಲ್ಲಿ, ಆ ಸಂಯೋಜನೆಗಳ ಹಕ್ಕು 2069ರವರೆಗೆ ಇರುತ್ತದೆ. ‘ಕೆರೆಗೆ ಹಾರ’ ಬಾಯಿಂದ ಬಾಯಿಗೆ ಬಂದ ಹಾಡು, ಅದರ ಕಥೆಗೂ ಪದಗಳಿಗೂ ಒಡೆಯರಿಲ್ಲ. ಕ್ಯಾಸೆಟ್ಟಿನಲ್ಲೋ ಯೂಟ್ಯೂಬಿನಲ್ಲೋ ಇರುವ ಯಾರದೋ ಗಾಯನವನ್ನು ಮಾತ್ರ ಅನುಮತಿಯಿಲ್ಲದೆ ಎತ್ತಿ ಹಾಕುವಂತಿಲ್ಲ. ಮನೆಯಲ್ಲಿ ಹಾಡಬಲ್ಲ ಹಿರಿಯರಿದ್ದರೆ ಅವರ ಒಪ್ಪಿಗೆ ಪಡೆದು ಒಂದು ನುಡಿಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಹೆಸರು ಹಾಕಿ. ಸಿನಿಮಾ ಹಾಡು ಆರಿಸಿಕೊಂಡವರು ಸಾಹಿತ್ಯದ ಒಂದು ಸಾಲನ್ನೂ ಆಟದೊಳಗೆ ತರದೆ, ಹಾಡಿನ ಹೆಸರನ್ನು ಕೃತಜ್ಞತೆಯಲ್ಲಿ ಹೇಳಿದರೆ ಸಾಕು.

ಬ್ರೌಸರ್‌ಗಳು ಆಟಗಾರರು ಒಮ್ಮೆಯಾದರೂ ಒತ್ತುವವರೆಗೆ ಸದ್ದು ಬರಗೊಡುವುದಿಲ್ಲ. ಮೊದಲ ಪುಟದಲ್ಲಿ ‘ಶುರು’ ಎಂಬ ಆಯ್ಕೆ ಇಟ್ಟು, ಅದರ ನಂತರವೇ ಧ್ವನಿ ತನ್ನಿ. ಒಂದು ನಿಮಿಷದ ಎಂಪಿ3, 128 ಕೆಬಿಪಿಎಸ್‌ನಲ್ಲಿ, ಸುಮಾರು 1 ಎಂಬಿ ಆಗುತ್ತದೆ, ಮೊಬೈಲಿಗೆ ಭಾರವಲ್ಲ. ಎಂಪಿ3ಯನ್ನು ಸುತ್ತಿ ಸುತ್ತಿ ನುಡಿಸಿದರೆ ಕೊನೆ ಮೊದಲು ಸೇರುವಲ್ಲಿ ಸಣ್ಣ ಬಿರುಕು ಕೇಳುತ್ತದೆ. ಎರಡೂ ತುದಿಯಲ್ಲಿ ಧ್ವನಿಯನ್ನು ಮೌನಕ್ಕೆ ಇಳಿಸಿದರೆ ಅದು ಉಸಿರೆಳೆದ ಹಾಗಿರುತ್ತದೆ. ಮೆಟ್ಟಲ ದೃಶ್ಯದಲ್ಲಿ ಮಾತ್ರ ಸದ್ದೇ ಇಲ್ಲದಿರಲಿ, ಪರದೆಯನ್ನೂ ಅಳಿಸಬೇಡಿ. ಏರಿದ ಸಾಲುಗಳು ಒಂದರ ಕೆಳಗೊಂದು ಉಳಿದುಕೊಂಡು ಮೆಟ್ಟಲುಗಳ ಹಾಗೇ ಕಾಣಬೇಕು.

ದಿನಗಳ ಹಂಚಿಕೆ ಹೀಗಿರಲಿ. ಮೊದಲ ದಿನ ಕಂಪ್ಯೂಟರ್ ಮುಟ್ಟದೆ ಹಾಡು ಕೇಳಿ, ಮರಳಿ ಬರುವ ಸಾಲುಗಳಿಗೂ ಮೌನಗಳಿಗೂ ಕಾಗದದ ಮೇಲೆ ಗುರುತು ಹಾಕಿ. ಎರಡು ಮತ್ತು ಮೂರನೇ ದಿನ ಹನ್ನೆರಡೂ ದೃಶ್ಯಗಳನ್ನು ಒಂದೊಂದೇ ಸಾಲಿನಲ್ಲಿ ಬರೆದು ಜೋಡಿಸಿ. ಮೂರನೇ ರಾತ್ರಿ ಆಟ ಮೊದಲಿಂದ ಕೊನೆಯವರೆಗೆ ಓಡಲೇಬೇಕು, ಎಷ್ಟೇ ಬಡಕಲಾಗಿದ್ದರೂ. ಓಡದಿದ್ದರೆ ಅದೇ ರಾತ್ರಿ ನಾಲ್ಕು ದೃಶ್ಯ ಕಿತ್ತುಹಾಕಿ. ಏಳನೇ ದಿನದವರೆಗೆ ಬರವಣಿಗೆ, ಮೆಟ್ಟಲ ದೃಶ್ಯದಿಂದ ಶುರು ಮಾಡಿ. ಕೊನೆಗೆ ಉಳಿಸಿಕೊಂಡವರು ಅದನ್ನು ಅವಸರದಲ್ಲಿ ಮುಗಿಸುತ್ತಾರೆ. ಎಂಟನೇ ದಿನ ಮೂವರಿಂದ ಆಡಿಸಿ: ಹಾಡು ಗೊತ್ತಿರುವವರೊಬ್ಬರು, ಗೊತ್ತಿಲ್ಲದವರೊಬ್ಬರು, ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ ಆಡುವವರೊಬ್ಬರು. ಪಕ್ಕದಲ್ಲಿ ಕೂತು ಸುಮ್ಮನೆ ನೋಡಿ, ವಿವರಣೆ ಕೊಡಬೇಡಿ. ಓದದೆ ಒತ್ತಿಕೊಂಡು ಹೋದ ಜಾಗಗಳನ್ನು ಗುರುತಿಸಿ ಅರ್ಧಕ್ಕೆ ಇಳಿಸಿ. ಫೋನಿನ ಪರದೆಯಲ್ಲಿ ಎರಡು ಆಯ್ಕೆಗಳ ನಡುವೆ 60ರಿಂದ 90 ಪದ ಹಿತವಾದ ಅಳತೆ.

ಒಂಬತ್ತನೇ ದಿನವೇ ಆಟಗಳನ್ನು ಹಂಚುವ ಜಾಲತಾಣ ಇಚ್ ಡಾಟ್ ಐಒಗೆ ಏರಿಸಿಬಿಡಿ. ನಿಯಮದಲ್ಲಿ ಗಡುವು ಯುಟಿಸಿ (ಅಂತರರಾಷ್ಟ್ರೀಯ ಕಾಲಮಾನ) 23:59 ಎಂದಿದ್ದರೆ ನಮಗದು ಮರುದಿನ ಬೆಳಗಿನ 5:29. ಫೋಲ್ಡರ್‌ನ ಒಳಗಿನ ಫೈಲುಗಳನ್ನು ಜಿಪ್ ಮಾಡಿ. ಮುಖ್ಯ ಫೈಲಿನ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಇಂಡೆಕ್ಸ್ ಎಂದೇ ಇರಬೇಕು. ಆಡಿಯೋ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾದರೆ ನಿಮ್ಮ ವಿಂಡೋಸ್‌ನಲ್ಲಿ ಕೇಳಿಸಿದ್ದು ಅಲ್ಲಿ ಕೇಳಿಸುವುದಿಲ್ಲ. ಪ್ರಾಜೆಕ್ಟ್ ಬಗೆಯಲ್ಲಿ ಎಚ್‌ಟಿಎಂಎಲ್ ಆರಿಸಿ, ಬ್ರೌಸರ್‌ನಲ್ಲೇ ಆಡಿಸುವ ಚೌಕಕ್ಕೆ ಗುರುತು ಹಾಕಿ, ಮೊಬೈಲ್ ಆಯ್ಕೆಯನ್ನೂ ತೆರೆದಿಡಿ. ಪುಟದ ವಿವರಣೆಯಲ್ಲಿ ಮೂರು ವಿಷಯ ಇರಲಿ: ಇದು ಯಾವ ಕಥನಗೀತೆಯಿಂದ ಬಂದದ್ದು, ನರಬಲಿಯ ಪ್ರಸಂಗವಿದೆ ಎಂಬ ಮುನ್ನೆಚ್ಚರಿಕೆ, ಮತ್ತು ಕನ್ನಡ ಬಾರದ ತೀರ್ಪುಗಾರರಿಗಾಗಿ ನೂರು ಪದಗಳ ಇಂಗ್ಲಿಷ್ ಸಾರಾಂಶ. ಇಡೀ ಆಟದ ಅನುವಾದವನ್ನು ಜ್ಯಾಮ್ ಮುಗಿದ ಮೇಲೆ ನೋಡಿಕೊಳ್ಳಿ.